ರಂಗಕ್ಕೆ ಆನೆ ತಂದ ಗುಬ್ಬಿ ವೀರಣ್ಣ, ಕಂಪನಿಗಳು ಕೂಡುವ ಈ ಕಾಲಕ್ಕೆ ಬಿಟ್ಟುಹೋದ ಲೆಕ್ಕ

ಕಲ್ಲೋಳಿ ಕಡೆ ಜಾತ್ರೆ ಅಂದ್ರೆ ತಿರುಗೋ ತೊಟ್ಟಿಲು, ಮಿಠಾಯಿ ಅಂಗಡಿ, ಬಯಲಾಟ, ಕಂಪನಿ ನಾಟಕ ಎಲ್ಲ ಒಟ್ಟಿಗೆ. ದುಡ್ಡು ಕೊಟ್ಟು ಒಳಗೆ ಹೋಗಿ, ಬೆರಗಾಗಿ ಹೊರಗೆ ಬರೋದು. ಬಿಡದಿಯ ವಂಡರ್‌ಲಾದಂಥ ಪಾರ್ಕ್‌ಗಳು ಮಾರೋದು ಇದೇ ಬೆರಗನ್ನು.

ಈ ಬೆರಗಿನ ಮಾಲೀಕರು ಈಗ ಕಡಿಮೆಯಾಗುತ್ತಿದ್ದಾರೆ. 2024ರ ನವೆಂಬರ್‌ನಲ್ಲಿ ರಿಲಯನ್ಸ್‌ನ ಮಾಧ್ಯಮ ವ್ಯವಹಾರವೂ ಡಿಸ್ನಿಯ ಭಾರತದ ವ್ಯವಹಾರವೂ ಒಂದಾದವು. ಮೊತ್ತ 70,352 ಕೋಟಿ ರೂಪಾಯಿ. ಅಲ್ಲಿಯವರೆಗೆ ಪೈಪೋಟಿ ನಡೆಸಿದ್ದ ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಒಂದೇ ಮನೆಯವಾದವು. ಹಾಗಾದರೆ ನಾಳೆಯ ಪಾರ್ಕ್‌ನಲ್ಲಿ ಯಾರ ಕಥೆ ಇರುತ್ತದೆ? ಉತ್ತರ ಹುಡುಕೋಕೆ ಅಮೆರಿಕಕ್ಕೆ ಹೋಗೋ ಮೊದಲು ಗುಬ್ಬಿಗೆ ಹೋಗಿಬರೋಣ.

ಗುಬ್ಬಿ ವೀರಣ್ಣ ಹುಟ್ಟಿದ್ದು 1891ರಲ್ಲಿ, ತುಮಕೂರು ಸೀಮೆಯಲ್ಲಿ. ಅಷ್ಟೊತ್ತಿಗೆ ಊರಿನ ಕೆಲವರು ಸೇರಿ 1884ರಲ್ಲಿ ಕಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ಅಲ್ಲಿತ್ತು. ಬಾಲ್ಯದಲ್ಲೇ ಬಣ್ಣ ಹಚ್ಚಿಕೊಂಡು ಅದರೊಳಗೆ ಹೊಕ್ಕ ಹುಡುಗ, 1917ರಲ್ಲಿ ಅದರ ಒಡೆಯನಾದ. ಹಲವರ ಕೈಯಲ್ಲಿದ್ದ ಕಂಪನಿ ಒಬ್ಬರ ಕೈಗೆ ಬಂತು. ಆಮೇಲೆ ಅದು ಬೆಳೆದ ರೀತಿಯೇ ಬೇರೆ. ಮುಖ್ಯ ಕಂಪನಿಯ ಜೊತೆಗೆ ಮಕ್ಕಳ ಶಾಖೆ ಬಂತು, ಗಂಡಸರೇ ಸೀರೆ ಉಡುತ್ತಿದ್ದ ರಂಗಕ್ಕೆ ಹೆಣ್ಣುಮಕ್ಕಳು ಬಂದರು. ತಮಿಳು, ತೆಲುಗು ಸೀಮೆಗಳಿಗೂ ಕಂಪನಿ ಕ್ಯಾಂಪ್ ಹೋಯಿತು.

1934ರ ‘ಕುರುಕ್ಷೇತ್ರ’ದಲ್ಲಿ ವೀರಣ್ಣನವರು ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಜನ ನಾಟಕ ನೋಡೋಕೆ ಮಾತ್ರವಲ್ಲ, ಯುದ್ಧಭೂಮಿಯಲ್ಲಿ ಕೂತು ಬರೋಕೆ ಹೋದರು. ಇವತ್ತಿನ ಪಾರ್ಕ್‌ನವರು ಮಾಡುವುದೂ ಅದನ್ನೇ, ಯಂತ್ರ ಬೇರೆ ಅಷ್ಟೆ. ಆದರೆ ಆನೆ ಮೇವು ತಿನ್ನುತ್ತದೆ. ದಿನಾ ರಾತ್ರಿ ಅಷ್ಟು ಜೀವಗಳನ್ನು ಸಾಕಿ ಆಟ ಕಟ್ಟಬೇಕಾದರೆ ಕಂಪನಿ ದೊಡ್ಡದಿರಲೇಬೇಕು. ಸಣ್ಣ ಕಂಪನಿಗಳು ಆ ಪೈಪೋಟಿಗೆ ನಿಲ್ಲೋದು ಕಷ್ಟ. ದೊಡ್ಡದಾದರೆ ದೊಡ್ಡ ಬೆರಗು ಸಿಗುತ್ತದೆ ಅನ್ನೋದು ಸುಳ್ಳಲ್ಲ, ಅದಕ್ಕೆ ಬೆಲೆಯೂ ಉಂಟು.

ಇಷ್ಟಾದರೂ ಜನ ವೀರಣ್ಣನವರನ್ನು ನೆನೆಯೋದು ಆನೆಯಿಂದಲ್ಲ, ‘ಸದಾರಮೆ’ಯ ಕಳ್ಳನಿಂದ. ಆ ಪಾತ್ರಕ್ಕೆ ಆನೆ ಬೇಕಿರಲಿಲ್ಲ, ನಮ್ಮ ಮಾತಿನ ವರಸೆ ಬಲ್ಲ ಒಬ್ಬ ನಟ ಸಾಕಿತ್ತು.

ಸಿನಿಮಾ ಬಂದಾಗ ಅವರು ಹೆದರಿ ಕೂರಲಿಲ್ಲ. ಮೂಕಿ ಕಾಲದಲ್ಲೇ ಆ ಕಡೆ ಕೈ ಹಾಕಿದರು. 1954ರಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ ಅವರ ಬಳಗದ ನಿರ್ಮಾಣ. ಕಂಪನಿಯಲ್ಲೇ ಬೆಳೆದ ರಾಜ್‌ಕುಮಾರ್ ನಾಯಕ, ನರಸಿಂಹರಾಜು ಜೊತೆಗಾರ. ಮದ್ರಾಸಿನ ಎವಿಎಂ ನಂಟಿನಿಂದ ಅದೇ ಕಥೆ ತೆಲುಗಿಗೂ ಹಿಂದಿಗೂ ಹೋಯಿತು. ನಾಟಕ ಕಂಪನಿಯೂ ಸ್ಟುಡಿಯೋವೂ ಕೈಜೋಡಿಸಿದ್ದರಿಂದ ಕನ್ನಡಕ್ಕೆ ನಷ್ಟವಾಗಲಿಲ್ಲ, ಒಬ್ಬ ರಾಜ್‌ಕುಮಾರ್ ಸಿಕ್ಕರು. ಯಾಕಂದ್ರೆ ಕಥೆಯೂ ಕಲಾವಿದರೂ ಇಲ್ಲಿಯವರಾಗಿದ್ದರು. ಇದೇ ಕಂಪನಿಯ ಹುಡುಗ ಬಿ.ವಿ. ಕಾರಂತರನ್ನು ಓದೋಕೆ ಕಾಶಿಗೆ ಕಳಿಸಿದ್ದೂ ವೀರಣ್ಣನವರೇ. 1972ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು.

ಈಗ ಅಮೆರಿಕದ ಕಡೆ ನೋಡ್ರಿ. 2012ರಲ್ಲಿ ಡಿಸ್ನಿ ‘ಸ್ಟಾರ್ ವಾರ್ಸ್’ ಮಾಡುವ ಲ್ಯೂಕಾಸ್‌ಫಿಲ್ಮ್ ಅನ್ನು ಕೊಂಡಿತು. 2019ರಲ್ಲಿ ಅದರ ಎರಡು ಪಾರ್ಕ್‌ಗಳಲ್ಲಿ ಆ ಕಥೆಯದೇ ಒಂದೊಂದು ಊರು ಎದ್ದು ನಿಂತಿತು. ಕಂಪನಿ ಕೊಂಡರೆ ಪಾರ್ಕ್ ಹೀಗೆ ಬದಲಾಗುತ್ತದೆ. ಇದಕ್ಕೆ ಉಲ್ಟಾ ಕಥೆಯೂ ಇದೆ. 1994ರಲ್ಲಿ ಮಾರ್ವೆಲ್ ತನ್ನ ವೀರರನ್ನು ಪಾರ್ಕ್‌ಗಳಲ್ಲಿ ಬಳಸುವ ಹಕ್ಕನ್ನು ಯೂನಿವರ್ಸಲ್‌ನವರಿಗೆ ಬರೆದುಕೊಟ್ಟಿತ್ತು. 2009ರಲ್ಲಿ ಡಿಸ್ನಿ ಮಾರ್ವೆಲ್ಲನ್ನೇ ಕೊಂಡಿತು. ಆದರೂ ಸ್ಪೈಡರ್‌ಮ್ಯಾನ್‌ನಂಥ ವೀರರನ್ನು ಫ್ಲೋರಿಡಾದ ತನ್ನ ಪಾರ್ಕ್‌ನೊಳಗೆ ತರೋಕೆ ಆ ಹಳೇ ಕರಾರು ಅಡ್ಡ ನಿಂತಿತು. ಮಾಲೀಕ ಬದಲಾದರೂ ಕಾಗದ ಬದಲಾಗಲಿಲ್ಲ.

ಕನ್ನಡದವರು ಕಲಿಯಬೇಕಾದದ್ದು ಇಲ್ಲೇ ಇದೆ. ಕಂಪನಿಗಳು ಕೂಡೋದನ್ನು ನಾವು ತಡೆಯೋಕಾಗಲ್ಲ, ತಡೆಯಲೂ ಬೇಕಿಲ್ಲ. ಕಥೆ ಮಾರುವಾಗ ಏನೇನು ಮಾರುತ್ತಿದ್ದೇವೆ ಅನ್ನೋದನ್ನು ನೋಡಿಕೊಳ್ಳಬಹುದು. ಟಿವಿ, ಓಟಿಟಿ ಹಕ್ಕಿನ ಜೊತೆಗೆ ಪಾತ್ರಗಳನ್ನು ಪಾರ್ಕ್, ಆಟಿಕೆಗಳಲ್ಲಿ ಬಳಸುವ ಹಕ್ಕನ್ನೂ ಒಂದೇ ಸಹಿಯಲ್ಲಿ ಬರೆದುಕೊಟ್ಟರೆ, ಮುಂದೆ ಆ ಪಾತ್ರ ಪಾರ್ಕ್‌ಗೆ ಬರಬೇಕೋ ಬೇಡವೋ ಅನ್ನೋದನ್ನು ತೀರ್ಮಾನಿಸುವವರು ಕನ್ನಡ ಗೊತ್ತಿಲ್ಲದವರಾಗಬಹುದು. ಆ ಹಕ್ಕನ್ನು ನಿರ್ಮಾಪಕರು, ಬರಹಗಾರರು ಬೇರೆಯಾಗಿ ಇಟ್ಟುಕೊಳ್ಳಲಿ.

ವೀರಣ್ಣನವರ ಹೆಸರಲ್ಲಿ ಸರ್ಕಾರ ಪ್ರತಿವರ್ಷದ ಪ್ರಶಸ್ತಿ ಇಟ್ಟಿದೆ, ಒಳ್ಳೇದೇ. ಆದರೆ ಕಲ್ಲೋಳಿಯ ಶಾಲೆ ಮಕ್ಕಳು ರಾತ್ರಿಯಿಡೀ ಬಸ್ಸಲ್ಲಿ ಕೂತು ಬಿಡದಿಗೆ ಹೋದಾಗ, ಅಲ್ಲಿ ಸದಾರಮೆಯ ಕಳ್ಳನೂ ಒಂದು ಮೂಲೆಯಲ್ಲಿ ನಿಂತು ಅವರನ್ನು ನಗಿಸೋ ಹಂಗಿದ್ದರೆ ಇನ್ನೂ ಒಳ್ಳೇದು.