ಔಂಧದ ಅರಸರು ಮತ್ತು ಗೋಡೆಯಿಲ್ಲದ ಸೆರೆಮನೆ

ರಥಸಪ್ತಮಿಯು ಸಮೀಪಿಸುತ್ತಿರುವ ಈ ಸಂದರ್ಭದಲ್ಲಿ, ಸೂರ್ಯನಮಸ್ಕಾರವನ್ನು ಮನೆಮನೆಗೆ ತಲುಪಿಸಲು ಶ್ರಮಿಸಿದ ಔಂಧದ ಅರಸರಾದ ಶ್ರೀಮಂತ ಭವಾನರಾವ್ ಪಂತ ಪ್ರತಿನಿಧಿಯವರನ್ನು ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ. ಅವರ ಇನ್ನೊಂದು ಸತ್ಕಾರ್ಯವು ಅಷ್ಟಾಗಿ ಪ್ರಸಿದ್ಧಿಗೆ ಬಂದಿಲ್ಲ.

1868ರಲ್ಲಿ ಜನಿಸಿದ ಭವಾನರಾಯರು 1909ರಲ್ಲಿ ಪಟ್ಟವೇರಿದರು. ಸಾತಾರಾ ಪ್ರಾಂತದ ಈ ಪುಟ್ಟ ಸಂಸ್ಥಾನದಲ್ಲಿದ್ದುದು 72 ಗ್ರಾಮಗಳು ಮಾತ್ರ. ವಿಜಾಪುರದ ಸಮೀಪದ ಗುಣದಾಳವೂ ಇದಕ್ಕೆ ಸೇರಿದ್ದಿತು. ಅರಸರು ಸ್ವತಃ ಚಿತ್ರಕಾರರು, ವಿದ್ವಜ್ಜನರಿಗೆ ಆಶ್ರಯದಾತರು. ವೇದವಿದ್ವಾಂಸರಾದ ಸಾತವಳೇಕರರು ನೆಲೆಸಿ ಗ್ರಂಥ ಪ್ರಕಟಿಸಿದ್ದು ಔಂಧದಲ್ಲಿಯೇ. ಬೆಳಗಾವಿಯಲ್ಲಿ ನೆಲೆ ತಪ್ಪಿದ ಲಕ್ಷ್ಮಣರಾವ್ ಕಿರ್ಲೋಸ್ಕರರಿಗೆ 1910ರಲ್ಲಿ ಕಾರ್ಖಾನೆಗೆ ಭೂಮಿಯನ್ನಿತ್ತವರೂ ಇವರೇ. ಆ ಕಿರ್ಲೋಸ್ಕರವಾಡಿಯಲ್ಲಿ, ಹಿಂದೆ ಅಪರಾಧವೆಸಗಿ ಶಿಕ್ಷೆಗೊಳಗಾಗಿದ್ದವರನ್ನೇ ರಾತ್ರಿಯ ಕಾವಲಿಗೆ ನೇಮಿಸಿದುದುಂಟು.

1939ರಲ್ಲಿ ಅರಸರು ತಮ್ಮ ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸಿ ಗ್ರಾಮ ಪಂಚಾಯತಿಗಳ ಆಡಳಿತವನ್ನು ಸ್ಥಾಪಿಸಿದರು. ಈ ಕಾರ್ಯದಲ್ಲಿ ಮಹಾತ್ಮಾ ಗಾಂಧಿಯವರ ಮಾರ್ಗದರ್ಶನವಿದ್ದಿತು. ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯಲ್ಲಿದ್ದು ಕಾಷಾಯ ಧರಿಸಿ ಭಾರತಾನಂದರೆನಿಸಿದ ಪೋಲೆಂಡಿನ ಮಾರಿಸ್ ಫ್ರೀಡ್‌ಮನ್ನರೂ ನೆರವಾದರು. ಅದೇ ವರ್ಷ ಆಟಪಾಡಿಯ ಸಮೀಪ, ಮಳೆ ಕಡಮೆಯಾದ ಬರಡು ನೆಲದಲ್ಲಿ, ಸ್ವತಂತ್ರಪುರವೆಂಬ ವಸಾಹತು ಪ್ರಾರಂಭವಾಯಿತು. ಅದು ಸೆರೆಮನೆಯೇ ಆದರೂ ಅದಕ್ಕೆ ಗೋಡೆಯಿಲ್ಲ. ಕೈದಿಗಳು ಸಂಕೋಲೆಯಿಲ್ಲದೆ, ಹೆಂಡಿರುಮಕ್ಕಳೊಡನೆ ವಾಸಿಸುತ್ತ, ಭೂಮಿಯನ್ನು ಉತ್ತು ಬೆಳೆದು ಜೀವಿಸಬೇಕು.

ಕೊಲೆ ದರೋಡೆ ಮಾಡಿದವರಿಗೆ ಇಂತಹ ಅನುಕೂಲವೇಕೆ, ಅವರಿಂದ ನೊಂದ ಕುಟುಂಬಗಳ ಗತಿಯೇನು ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಕಳೆದುಹೋದ ಜೀವವನ್ನು ಯಾರ ಪಶ್ಚಾತ್ತಾಪವೂ ಮರಳಿ ತರಲಾರದು. ಆದರೆ ಸ್ವತಂತ್ರಪುರದಲ್ಲಿ ಶಿಕ್ಷೆಯು ರದ್ದಾಗಲಿಲ್ಲ, ಅದರ ಸ್ವರೂಪ ಮಾತ್ರ ಬದಲಾಯಿತು. ಓಡಿಹೋಗಲು ದಾರಿ ತೆರೆದಿದ್ದರೂ ಓಡದೆ ನಿಲ್ಲುವುದೇ ಅಲ್ಲಿಯ ಪರೀಕ್ಷೆ. ರಾಜದಂಡವನ್ನು ಅನುಭವಿಸಿದವನು ಪಾಪದಿಂದ ಶುದ್ಧನಾಗುವನೆಂಬುದು ಮನುಸ್ಮೃತಿಯ ಅಭಿಪ್ರಾಯ. ದಂಡ ತೀರಿದ ಮೇಲೆಯೂ ಅವನನ್ನು ಕಳ್ಳನೆಂದೇ ಕರೆಯುತ್ತಿದ್ದರೆ, ನಾವು ನ್ಯಾಯಾಧೀಶರು ವಿಧಿಸದ ಎರಡನೆಯ ಶಿಕ್ಷೆಯನ್ನು ವಿಧಿಸಿದಂತಾಗುವುದಿಲ್ಲವೇ?

1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1951ರಲ್ಲಿ ಭವಾನರಾಯರು ಕಾಲವಶರಾದರು. ಆದರೂ ಸ್ವತಂತ್ರಪುರವು ಉಳಿಯಿತು. 1957ರಲ್ಲಿ ಶಾಂತಾರಾಮರು ಇದನ್ನಾಧರಿಸಿ ತೆಗೆದ 'ದೋ ಆಂಖೇ ಬಾರಹ ಹಾಥ್' ಚಲನಚಿತ್ರವನ್ನು ನಮ್ಮ ಹಿರಿಯರಲ್ಲಿ ಹಲವರು ನೋಡಿರಬಹುದು.

ಶಿಕ್ಷೆ ಮುಗಿಸಿ ಊರಿಗೆ ಮರಳಿದವನಿಗೆ ಮೊದಲು ಬೇಕಾದುದು ಉಪದೇಶವಲ್ಲ, ಕೆಲಸ. ಅದನ್ನು ಕೊಡುವಾಗ ಎಚ್ಚರಿಕೆಯಿರಲಿ, ತಿರಸ್ಕಾರ ಬೇಡ. ಸೂರ್ಯನಮಸ್ಕಾರವನ್ನು ಕಲಿಸಿದ ಅರಸರಿಂದ ನಾವು ಇದನ್ನೂ ಕಲಿಯಬೇಕಾಗಿದೆ.