ಕೊಳೆರೋಗಕ್ಕೆ ಕಡಿವಾಣ ಹಾಕಿದ ಡಾ. ಕೋಲ್ಮನ್

ಆಷಾಢದ ಮಳೆ ಹಿಡಿದು ಎಂಟು ದಿನ ಬಿಡದೆ ಸುರಿಯಿತೆಂದರೆ ಮಲೆನಾಡಿನ ಅಡಿಕೆ ಬೆಳೆಗಾರನ ಕಣ್ಣಿಗೆ ನಿದ್ದೆ ಹತ್ತದು. ತೊಟ್ಟಿನ ಬಳಿ ನೀರು ಹೀರಿದಂತಹ ಒಂದು ಕಲೆ ಮೊದಲು ಕಾಣುತ್ತದೆ. ನಾಲ್ಕಾರು ದಿನಗಳಲ್ಲಿ ಹಸಿರು ಕಾಯಿ ಬಣ್ಣಗೆಟ್ಟು, ಕೊಳೆತು, ಮರದ ಬುಡಕ್ಕೆ ಉದುರುತ್ತದೆ. ಉದುರಿದ ಕಾಯಿಯ ಮೇಲೆ ಹತ್ತಿಯಂತಹ ಬಿಳಿ ಬೂಷ್ಟು ಬೆಳೆಯುತ್ತದೆ. ಮಲೆನಾಡಿನವರು ಇದನ್ನು ಕೊಳೆ ಎನ್ನುತ್ತಾರೆ, ಕರಾವಳಿ ಮತ್ತು ಕಾಸರಗೋಡಿನ ಕಡೆಯವರು ಮಹಾಳಿ ಎನ್ನುತ್ತಾರೆ. ಹೆಸರು ಯಾವುದಾದರೂ ನಷ್ಟ ಒಂದೇ. ವರ್ಷದ ಗಂಜಿ ಒಂದೇ ಮಳೆಗಾಲದಲ್ಲಿ ಮಣ್ಣುಪಾಲು.

ಈ ರೋಗಕ್ಕೆ ಬಡ ರೈತನ ಕೈಗೂ ಎಟಕುವ ಮದ್ದನ್ನು ನಮ್ಮ ತೋಟಗಳಿಗೆ ತಂದುಕೊಟ್ಟವರು ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಅವರು ತೀರಿಕೊಂಡು ಏಳು ದಶಕಗಳು ಕಳೆದಿವೆ. ಆದರೆ ಮಳೆಗಾಲಕ್ಕೆ ಮುನ್ನ ಮೈಲುತುತ್ತ ಸುಣ್ಣ ಕಲಸುವ ಪ್ರತಿ ತೋಟದಲ್ಲಿಯೂ ಅವರ ಕೆಲಸ ಇಂದಿಗೂ ನಡೆಯುತ್ತಿದೆ.

ದೂರದ ದೇಶದಿಂದ ಹೆಬ್ಬಾಳಕ್ಕೆ

ಕೋಲ್ಮನ್ ಹುಟ್ಟಿದ್ದು 1878ರ ಜೂನ್ ತಿಂಗಳಲ್ಲಿ, ಕೆನಡಾ ದೇಶದ ಆಂಟೇರಿಯೊ ಪ್ರಾಂತದಲ್ಲಿ. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಓದಿ, ಅನಂತರ ಜರ್ಮನಿಯ ಗಾಟಿಂಗೆನ್ನಿನಲ್ಲಿ ಡಾಕ್ಟರ್ ಪದವಿ ಪಡೆದರು. 1908ರಲ್ಲಿ, ಮೂವತ್ತರ ಹರೆಯದಲ್ಲಿ, ಮೈಸೂರು ಸಂಸ್ಥಾನದ ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ ಬೆಂಗಳೂರಿಗೆ ಬಂದಿಳಿದರು.

ಆಗ ಬೆಂಗಳೂರು ಎರಡು ಊರಿನಂತಿತ್ತು. ಪೇಟೆ ಮಹಾರಾಜರದು, ಹಲಸೂರಿನ ಸುತ್ತಣ ಕಂಟೋನ್ಮೆಂಟ್ ಬ್ರಿಟಿಷರ ಆಡಳಿತದ್ದು. 1809ರಲ್ಲಿ ನೆಲೆಗೊಂಡ ಆ ದಂಡುಪ್ರದೇಶ ಮೈಸೂರಿಗೆ ಮರಳಿದ್ದು 1947ರಲ್ಲಿ. ದಂಡಿನ ಬಂಗಲೆಗಳ ಸುತ್ತ ಹೂವಿನ ಮಡಿ, ವರಾಂಡದಲ್ಲಿ ಬಣ್ಣದೆಲೆಯ ಕುಂಡ. ಅಲ್ಲಿಂದ ಉತ್ತರಕ್ಕೆ ಕೆಲವೇ ಮೈಲಿ ನಡೆದರೆ ಹೆಬ್ಬಾಳದ ಕೆರೆ, ಅದರಾಚೆ ರಾಗಿ ಹೊಲ. ಅಲ್ಲಿ 1899ರಲ್ಲಿ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 30 ಎಕರೆ ಭೂಮಿಯನ್ನು ಕೃಷಿ ಪ್ರಯೋಗಕ್ಕೆಂದು ಕೊಟ್ಟಿದ್ದರು. ರಸಾಯನ ತಜ್ಞ ಡಾ. ಲೇಮನ್ ಅವರು ಅಲ್ಲಿ ಮಣ್ಣಿನ ಪರೀಕ್ಷೆಗೆ ಮೊದಲಿಟ್ಟಿದ್ದರು. ಆ ಸಣ್ಣ ಬುನಾದಿಯ ಮೇಲೆ ಕಟ್ಟಡ ಎಬ್ಬಿಸುವ ಕೆಲಸ ಕೋಲ್ಮನ್ನರ ಪಾಲಿಗೆ ಬಂತು.

ರೋಗದ ಗುಟ್ಟು

ಬಂದ ಹೊಸತರಲ್ಲಿಯೇ ಅವರ ಗಮನ ಸೆಳೆದದ್ದು ಅಡಿಕೆಯ ಕೊಳೆ. ಅಡಿಕೆ ಮರ ಫಲ ಕೊಡಲು ಐದಾರು ವರ್ಷ ಬೇಕು. ಅಷ್ಟು ಕಾಲ ಸಾಕಿದ ಮರದ ಫಸಲು ಕಣ್ಣೆದುರೇ ಉದುರಿಹೋದರೆ ಬೆಳೆಗಾರ ಸಾಲದ ಬಾಯಿಗೆ ಬೀಳುವುದು ಖಂಡಿತ. ಆಗ ರೈತರಿಗೆ ಗೊತ್ತಿದ್ದ ಉಪಾಯ ಒಂದೇ: ಮಳೆ ಹಿಡಿಯುವ ಮೊದಲು ಗೊನೆಗೆ ಕೊಟ್ಟೆ ಕಟ್ಟುವುದು. ಕೊನೆಗಾರ ಮರ ಏರಿ ಒಂದೊಂದು ಗೊನೆಗೂ ಹುಲ್ಲಿನ ಇಲ್ಲವೆ ಹಾಳೆಯ ಹೊದಿಕೆ ತೊಡಿಸಬೇಕು. ಇದು ಕೆಟ್ಟ ಉಪಾಯವಲ್ಲ, ಕಾಯಿಗೆ ನೀರು ತಾಗದಂತೆ ನೋಡಿಕೊಳ್ಳುವ ಹಿರಿಯರ ಜಾಣ್ಮೆಯೇ ಸರಿ. ಆದರೆ ಸಾವಿರಾರು ಮರಗಳ ತೋಟಕ್ಕೆ ಆಳೂ ಸಾಲದು, ದಿನವೂ ಸಾಲದು.

ಕೋಲ್ಮನ್ನರು ರೋಗದ ಮೂಲ ಹುಡುಕಲು ಹೊರಟರು. 1910ರಲ್ಲಿ ಕೊಳೆರೋಗದ ಮೇಲೆ ಅವರ ವರದಿ ಹೊರಬಂತು. ಫೈಟಾಫ್ತೊರಾ ಜಾತಿಯ, ಕಣ್ಣಿಗೆ ಕಾಣದ ಬೂಷ್ಟಿನಂತಹ ಜೀವಿ ಈ ರೋಗಕ್ಕೆ ಕಾರಣವೆಂದು ಅದರಲ್ಲಿ ತೋರಿಸಿದರು. ಈ ಜೀವಿಯ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ಗಾಳಿಮಳೆ ಹನಿಯನ್ನು ಗೊನೆಯಿಂದ ಗೊನೆಗೆ ಚಿಮ್ಮಿಸಿದಂತೆ ರೋಗವೂ ಹಾರುತ್ತದೆ. ಕಾಯಿಯ ಮೇಲೆ ನೀರು ನಿಂತಷ್ಟು ಹೊತ್ತು ಅದಕ್ಕೆ ಹಬ್ಬ. ಕಾಯಿ ಮುಗಿದ ಮೇಲೆ ಸುಳಿಗೆ ಇಳಿದರೆ ಮರವೇ ಸಾಯುತ್ತದೆ. ಅಡಿಕೆಗೆ ಇರುವುದು ಒಂದೇ ಸುಳಿ, ಅದು ಕೊಳೆತರೆ ಮತ್ತೆ ಚಿಗುರಿಲ್ಲ.

ಮದ್ದು ಬಂದ ಬಗೆ

ಫ್ರಾನ್ಸ್ ದೇಶದ ಬೋರ್ಡೋ ಸೀಮೆಯಲ್ಲಿ ದಾರಿಯಂಚಿನ ದ್ರಾಕ್ಷಿಯನ್ನು ಕಳ್ಳರು ಮುಟ್ಟದಿರಲೆಂದು ರೈತರು ಮೈಲುತುತ್ತ ಮತ್ತು ಸುಣ್ಣ ಬಳಿಯುತ್ತಿದ್ದರು. ಬಳಿದ ಬಳ್ಳಿಗಳಿಗೆ ಬೂಜು ರೋಗ ತಗುಲದಿದ್ದುದನ್ನು ಕಂಡು ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಅದನ್ನು ಔಷಧವೆಂದು ಪ್ರಕಟಿಸಿದರು. ಅದೇ ಬೋರ್ಡೋ ದ್ರಾವಣ. ಕೋಲ್ಮನ್ನರು ಈ ದ್ರಾಕ್ಷಿಯ ಮದ್ದನ್ನು ಅಡಿಕೆಯ ಗೊನೆಗೆ ತಂದರು.

ತೊಡಕು ಎರಡಿದ್ದವು. ಮಲೆನಾಡಿನ ಮಳೆ ಫ್ರಾನ್ಸಿನ ಮಳೆಯಲ್ಲ. ಹೊಡೆದ ಔಷಧ ತೊಳೆದುಹೋಗಬಾರದು. ಅದಕ್ಕೆಂದು ದ್ರಾವಣಕ್ಕೆ ರಾಳ ಮತ್ತು ಸೋಡಾದ ಅಂಟು ಸೇರಿಸುವ ಕ್ರಮ ಬಂತು. ಎರಡನೆಯದಾಗಿ, ಗೊನೆ ಇರುವುದು ಮರದ ತುದಿಯಲ್ಲಿ. ಔಷಧ ಅಲ್ಲಿಗೆ ತಲುಪಬೇಕು. ಮರ ಏರಬಲ್ಲ ಕೊನೆಗಾರನ ಕೈಗೇ ಸಿಂಪಡಿಸುವ ಕೆಲಸ ಬಂತು. ಇಲಾಖೆಯವರು ತೋಟಗಳಿಗೆ ಹೋಗಿ ಹೊಡೆದು ತೋರಿಸಿದರು. ಹೊಡೆದ ಮರದಲ್ಲಿ ಕಾಯಿ ನಿಂತಿತು, ಹೊಡೆಯದ ಮರದಲ್ಲಿ ಉದುರಿತು. ಇದಕ್ಕಿಂತ ದೊಡ್ಡ ಪ್ರಚಾರ ಬೇಕಿರಲಿಲ್ಲ.

ಅಡಿಕೆಯಾಚೆಯ ದುಡಿಮೆ

1913ರಲ್ಲಿ ಕೋಲ್ಮನ್ ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರಾದರು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲವದು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು, ರಾಗಿಯ ತಳಿ ಸುಧಾರಣೆಯೂ ಮೊದಲಾಯಿತು. ಬಡವನ ಹಿಟ್ಟೆಂದು ವಿದ್ವಾಂಸರು ಕಡೆಗಣಿಸಿದ್ದ ರಾಗಿಯನ್ನು ಪ್ರಯೋಗಶಾಲೆಗೆ ತಂದವರಲ್ಲಿ ಅವರು ಮೊದಲಿಗರು.

ಜೋಳದ ಹೊಲಗಳನ್ನು ಮೇಯುತ್ತಿದ್ದ ರೆಕ್ಕೆ ಬೆಳೆಯದ ಮಿಡತೆಯನ್ನೂ ಅವರು ಅಭ್ಯಾಸ ಮಾಡಿದರು. ಆ ಮಿಡತೆಗೆ ವಿಜ್ಞಾನಿಗಳು ಕೋಲ್ಮನಿಯಾ ಎಂದೇ ಹೆಸರಿಟ್ಟಿದ್ದಾರೆ. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ತಲೆಯೆತ್ತಿತು. ಕನ್ನಂಬಾಡಿಯ ನೀರು ಮಂಡ್ಯದ ಬಯಲಿಗೆ ಹರಿದಾಗ ಅಲ್ಲಿ ಕಬ್ಬಿನ ಬೇಸಾಯವನ್ನೂ 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯನ್ನೂ ನೆಲೆಗೊಳಿಸುವುದರಲ್ಲಿ ಅವರ ಪಾತ್ರ ಹಿರಿದು.

1934ರಲ್ಲಿ ಸೇವೆಯಿಂದ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. ಅಲ್ಲಿಯೂ ಸುಮ್ಮನೆ ಕೂರದೆ ಸಸ್ಯಗಳ ವೈರಸ್ ರೋಗಗಳ ಅಭ್ಯಾಸದಲ್ಲಿ ತೊಡಗಿದರು. 1954ರ ಸೆಪ್ಟೆಂಬರ್ ತಿಂಗಳಲ್ಲಿ ನಿಧನರಾದರು. ಅವರು ಬೆಳೆಸಿದ ಹೆಬ್ಬಾಳದ ಶಾಲೆ 1946ರಲ್ಲಿ ಕಾಲೇಜಾಯಿತು. 1964ರಲ್ಲಿ ಅದರ ಮೇಲೆಯೇ ಕೃಷಿ ವಿಶ್ವವಿದ್ಯಾನಿಲಯ ಎದ್ದು ನಿಂತಿತು.

ದ್ರಾವಣ ಮಾಡುವ ಕ್ರಮ

ಶೇಕಡ 1ರ ಬೋರ್ಡೋ ದ್ರಾವಣಕ್ಕೆ ಬೇಕಾದದ್ದು 1 ಕಿಲೊ ಮೈಲುತುತ್ತ, 1 ಕಿಲೊ ಒಳ್ಳೆಯ ಸುಟ್ಟ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು 50 ಲೀಟರಿನಲ್ಲಿ, ಸುಣ್ಣವನ್ನು ಇನ್ನೊಂದು ಪಾತ್ರೆಯ 50 ಲೀಟರಿನಲ್ಲಿ ಕರಗಿಸಿ, ಸೋಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಮರದ್ದು ಇಲ್ಲವೆ ಪ್ಲಾಸ್ಟಿಕ್ಕಿನದು ಆಗಬಹುದು. ತಯಾರಾದ ಮೇಲೆ ಹೊಳೆಯುವ ಚಾಕುವನ್ನು ಅದ್ದಿ ನೋಡಿ. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಬೇಕು. ಹಾಗೆಯೇ ಹೊಡೆದರೆ ಎಲೆ, ಕಾಯಿ ಸುಡುತ್ತವೆ. ಮಾಡಿದ ದಿನವೇ ಬಳಸಿ ಮುಗಿಸಬೇಕು. ಅಡಿಕೆಗೆ ಮಳೆ ಹಿಡಿಯುವ ಮುನ್ನ ಒಮ್ಮೆ, 40–45 ದಿನ ಬಿಟ್ಟು ಹೊಳವು ನೋಡಿ ಮತ್ತೊಮ್ಮೆ ಹೊಡೆಯಬೇಕು. ಕಾಯಿ ಉದುರಲು ತೊಡಗಿದ ಮೇಲೆ ಪಂಪು ಹುಡುಕುವುದು ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ.

ಬಣ್ಣದೆಲೆ ಗಿಡಕ್ಕೂ ಅದೇ ಪಾಠ

ಇಂದು ಬೆಂಗಳೂರಿನ ಪೂರ್ವಕ್ಕೆ, ಕೃಷ್ಣರಾಜಪುರದ ಆಸುಪಾಸಿನಲ್ಲಿ ತುಂಡು ಭೂಮಿ ಉಳಿಸಿಕೊಂಡವರು ರಾಗಿ ಬಿಟ್ಟು ಕುಂಡದ ಗಿಡಗಳತ್ತ ತಿರುಗುವುದುಂಟು. ಇಂದಿರಾನಗರದ ಮನೆಗಳಿಗೂ ಶಿವಾಜಿನಗರದ ಹೂವಿನ ವ್ಯಾಪಾರಕ್ಕೂ ಒಪ್ಪುವ ಗಿಡಗಳಲ್ಲಿ ಕಾರ್ಡಿಲೈನ್ ಒಂದು. ಕೆಂಪು, ನೇರಳೆ, ಗುಲಾಬಿ ಗೆರೆಯ ಉದ್ದನೆಯ ಎಲೆಗಳ ಈ ಗಿಡ ಶಾಂತಸಾಗರದ ದ್ವೀಪಗಳ ಕಡೆಯದು. ಬೆಚ್ಚನೆಯ ತೇವ ಇದಕ್ಕೆ ಪ್ರಿಯ. ಕೋಲ್ಮನ್ನರು ದುಡಿದದ್ದು ಅಡಿಕೆಗೆ. ಆದರೆ ಅದೇ ಫೈಟಾಫ್ತೊರಾ ಕುಲದ ಜೀವಿ ಈ ಗಿಡದ ಎಲೆಯನ್ನೂ ಕೊಳೆಸುತ್ತದೆ. ಕಾಂಡದ ತುಂಡುಗಳನ್ನು ನಾರುವಂತೆ ಮೆತ್ತಗೆ ಕೊಳೆಸುವ ಬ್ಯಾಕ್ಟೀರಿಯವೂ ಇದೆ. ಎರಡಕ್ಕೂ ನಿಂತ ನೀರೇ ಬಂಧು.

ಹೊಸ ಗಿಡಕ್ಕೆ ರೋಗವಿಲ್ಲದ ತಾಯಿಗಿಡದ ಕಾಂಡವನ್ನು ಎರಡು ಮೂರು ಅಂಗುಲದ ತುಂಡು ಮಾಡಿ. ಪ್ರತಿ ಗಿಡಕ್ಕೂ ಚಾಕು ಒರೆಸಿ ಶುಚಿಮಾಡಿ. ಕತ್ತರಿಸಿದ ಬಾಯಿ ನೆರಳಿನಲ್ಲಿ ಒಂದು ದಿನ ಆರಲಿ. ಬಳಿಕ ತೊಳೆದ ಮರಳಿನಲ್ಲಿ ಅರ್ಧ ಹುದುಗುವಂತೆ ಮಲಗಿಸಿ. ಚಳಿ ಕಳೆದ ಮೇಲಿನ ತಿಂಗಳುಗಳು ಇದಕ್ಕೆ ಉತ್ತಮ. ಬೇರು ಬಂದ ಸಸಿಗೆ ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಸಮಪಾಲು ಸಾಕು. ಕುಂಡದ ತಳದ ತೂತು ಮುಚ್ಚದಂತೆ ಇಟ್ಟಿಗೆಯ ಮೇಲೆ ಇಡಿ. ಗಿಡಗಳ ನಡುವೆ ಗಾಳಿ ಆಡಬೇಕು. ನೀರು ಬೆಳಿಗ್ಗೆ ಕೊಡಿ, ಬುಡಕ್ಕೆ ಕೊಡಿ. ಸಂಜೆ ಸುಳಿಯೊಳಗೆ ಸುರಿದ ನೀರು ರಾತ್ರಿಯೆಲ್ಲ ಅಲ್ಲೇ ನಿಲ್ಲುತ್ತದೆ.

ಬೋರ್ಡೋ ಹೊಡೆದರೆ ಎಲೆಯ ಮೇಲೆ ನೀಲಿ ಕಲೆ ಉಳಿದು ಗಿರಾಕಿ ಮುಖ ತಿರುಗಿಸಬಹುದು. ಆದ್ದರಿಂದ ಮಾರುವ ಗಿಡಕ್ಕೆ ಶುಚಿತ್ವವೇ ಮೊದಲ ಮದ್ದು. ಕೊಳೆತ ಎಲೆಯನ್ನು ಕಿತ್ತು ಸುಡಿ, ಬುಡವೇ ಕೊಳೆತ ಗಿಡವನ್ನು ಮಣ್ಣಿನ ಸಮೇತ ದೂರ ಸಾಗಿಸಿ. ಮೇಲಿನ ಕಾಂಡ ಗಟ್ಟಿಯಿದ್ದರೆ ನಿರಾಶೆ ಬೇಡ. ಅಡಿಕೆಯಂತಲ್ಲದೆ ಇದು ಕಾಂಡದ ತುಂಡಿನಿಂದ ಮತ್ತೆ ಚಿಗುರುತ್ತದೆ.

ಎಲೆಯ ತುದಿ ಒಣಗಿ ಕಂದಾದರೆ ಅದು ಯಾವಾಗಲೂ ಕೊಳೆಯಲ್ಲ. ಕಾರ್ಡಿಲೈನ್‌ಗೆ ಫ್ಲೋರೈಡ್ ಆಗದು. ಕೋಲಾರದ ದಿಕ್ಕಿನ ಆಳದ ಕೊಳವೆಬಾವಿಗಳ ನೀರಿನಲ್ಲಿ ಈ ಅಂಶ ಇರುವುದುಂಟು. ಸೂಪರ್ ಫಾಸ್ಫೇಟ್ ಗೊಬ್ಬರದಲ್ಲಿಯೂ ಇದೆ. ಸಾಧ್ಯವಿದ್ದರೆ ಮಳೆನೀರು ಹಿಡಿದಿಟ್ಟು ಬಳಸಿ, ಆ ಗೊಬ್ಬರ ಬಿಡಿ.

ಇನ್ನು ಚಳಿ. ಬೆಂಗಳೂರಿನಲ್ಲಿ ಹಿಮ ಬೀಳದು. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ. ಆದರೂ 10 ಡಿಗ್ರಿಯ ಸುತ್ತ ಇಳಿದರೆ ಈ ಗಿಡ ನಲುಗುತ್ತದೆ. ಧನುರ್ಮಾಸದ ಒಣ ಗಾಳಿ ಎಲೆಯಂಚನ್ನು ಸುಡುತ್ತದೆ. ಅದನ್ನು ಕಂಡು ಬಾಯಾರಿಕೆಯೆಂದು ತಿಳಿದು ಹೆಚ್ಚು ನೀರು ಸುರಿದರೆ, ತಣ್ಣಗಾದ ಬೇರು ಅದನ್ನು ಕುಡಿಯಲಾರದೆ ಕೊಳೆಯುತ್ತದೆ. ಚಳಿಗಿಂತ ಈ ನೀರೇ ಹೆಚ್ಚು ಗಿಡಗಳನ್ನು ಕೊಲ್ಲುತ್ತದೆ. ಕುಂಡಗಳನ್ನು ಗೋಡೆಯ ಮರೆಗೆ ಇಲ್ಲವೆ ನೆರಳು ಬಲೆಯ ಕೆಳಗೆ ಸರಿಸಿ. ಮೇಲ್ಮಣ್ಣು ಒಂದು ಅಂಗುಲ ಒಣಗಿದ ಮೇಲೆಯೇ ನೀರು ಕೊಡಿ. ಆ ದಿನಗಳಲ್ಲಿ ಸಾರಜನಕ ಗೊಬ್ಬರವೂ ಬೇಡ, ಕುಂಡ ಬದಲಾವಣೆಯೂ ಬೇಡ. ಸುಟ್ಟ ಎಲೆಗಳನ್ನು ಕೊಳೆಯದಿದ್ದರೆ ಹಾಗೆಯೇ ಬಿಟ್ಟು, ಶಿವರಾತ್ರಿ ಕಳೆದು ಚಳಿ ಹೋದ ಮೇಲೆ ಕತ್ತರಿಸಿ.

ರೈತ ಬಾಂಧವರು ಕೋಲ್ಮನ್ನರ ಬದುಕಿನಿಂದ ಹಿಡಿಯಬೇಕಾದ ಮಾತು ಸರಳ. ಅವರು ಮೊದಲು ಕಾಯಿಯನ್ನು ನೋಡಿದರು, ಬಳಿಕ ನೀರನ್ನು ನೋಡಿದರು, ಆಮೇಲೆ ಮದ್ದಿಗೆ ಕೈ ಹಾಕಿದರು. ನಾವೂ ಅಂಗಡಿಗೆ ಹೋಗಿ ಡಬ್ಬಿ ಕೊಳ್ಳುವ ಮುನ್ನ ನೀರು ಎಲ್ಲಿ ನಿಲ್ಲುತ್ತಿದೆಯೆಂದು ಒಮ್ಮೆ ಬಗ್ಗಿ ನೋಡಿದರೆ, ಅರ್ಧ ರೋಗ ಅಲ್ಲಿಯೇ ತೀರುತ್ತದೆ, ಹಣವೂ ಉಳಿಯುತ್ತದೆ.