ವಲಸಿಗರ ವಕೀಲ ಗಾಂಧೀಜಿ

ಗಾಂಧೀಜಿಯವರನ್ನು ರಾಷ್ಟ್ರಪಿತನೆಂದು ನಾವೆಲ್ಲರೂ ಬಲ್ಲೆವು. ಅದಕ್ಕೂ ಮೊದಲು ಅವರು ಪರದೇಶದಲ್ಲಿ ಬದುಕು ಕಟ್ಟಿಕೊಂಡ ಭಾರತೀಯರ ವಕೀಲರಾಗಿದ್ದರು. ವಿದ್ಯಾರ್ಥಿಗಳು ಅವರ ಜೀವನದ ಈ ಭಾಗವನ್ನು ಅವಶ್ಯವಾಗಿ ತಿಳಿಯಬೇಕು.

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಜನಿಸಿದ ಮೋಹನದಾಸ ಕರಮಚಂದ ಗಾಂಧಿ 1888ರಲ್ಲಿ ಲಂಡನ್ನಿಗೆ ತೆರಳಿ, 1891ರ ಜೂನ್‌ನಲ್ಲಿ ಬ್ಯಾರಿಸ್ಟರ್ ಆದರು. ಆದರೆ ಬ್ಯಾರಿಸ್ಟರ್ ಆದ ಮಾತ್ರಕ್ಕೆ ಅನ್ನ ಸಿಗಲಿಲ್ಲ. ಮುಂಬಯಿಯ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ಒಂದು ಪ್ರಶ್ನೆಯನ್ನೂ ಕೇಳಲಾಗದೆ ಕುಳಿತುಬಿಟ್ಟರು. ಪಡೆದ ಫೀಸನ್ನು ಹಿಂದಿರುಗಿಸಿದರು. 75 ರೂಪಾಯಿ ಸಂಬಳದ ಇಂಗ್ಲಿಷ್ ಶಿಕ್ಷಕರ ಕೆಲಸಕ್ಕೆ ಅರ್ಜಿ ಹಾಕಿದರೆ, ಪದವೀಧರರಲ್ಲವೆಂದು ಅದೂ ಕೈತಪ್ಪಿತು. ಕೊನೆಗೆ ರಾಜಕೋಟೆಯಲ್ಲಿ ಜನರಿಗೆ ಅರ್ಜಿ ಬರೆದುಕೊಡುತ್ತ ದಿನ ಕಳೆದರು.

ಆಗ ಅವರನ್ನು ಕರೆದದ್ದು ಪೋರಬಂದರಿನ ಮೇಮನ್ ವ್ಯಾಪಾರಿಗಳಾದ ದಾದಾ ಅಬ್ದುಲ್ಲಾ ಅವರ ಕಂಪನಿ. ದಕ್ಷಿಣ ಆಫ್ರಿಕದಲ್ಲಿ ಆ ಕಂಪನಿಗೂ ಸಂಬಂಧಿಕರಾದ ತಯ್ಯಬ್ ಸೇಠರಿಗೂ 40,000 ಪೌಂಡುಗಳ ವ್ಯಾಜ್ಯವಿತ್ತು. ಒಂದು ವರ್ಷಕ್ಕೆ 105 ಪೌಂಡುಗಳ ಕರಾರಿನ ಮೇಲೆ 1893ರ ಮೇ ತಿಂಗಳಲ್ಲಿ ಗಾಂಧೀಜಿ ಡರ್ಬನ್ ತಲುಪಿದರು. ಲೆಕ್ಕಪತ್ರ ಅರ್ಥವಾಗದಿದ್ದಾಗ ಪುಸ್ತಕ ಕೊಂಡು ಲೆಕ್ಕ ಬರೆಯುವ ಕ್ರಮವನ್ನು ಕಲಿತರು. ಕಾಗದಪತ್ರಗಳನ್ನೆಲ್ಲ ಓದಿ ಮುಗಿಸಿದ ಮೇಲೆ ಇಬ್ಬರನ್ನೂ ಪಂಚಾಯಿತಿಗೆ ಒಪ್ಪಿಸಿದರು. ದಾದಾ ಅಬ್ದುಲ್ಲಾ ಗೆದ್ದರು. ಸೋತ ಸೇಠರು ದಿವಾಳಿಯಾಗದಂತೆ ಹಣವನ್ನು ಕಂತುಗಳಲ್ಲಿ ಪಡೆಯಲು ಗೆದ್ದವರನ್ನು ಒಪ್ಪಿಸಿದ್ದೂ ಗಾಂಧೀಜಿಯವರೇ.

1894ರಲ್ಲಿ ನೇಟಾಲ್ ಸರ್ಕಾರ ಭಾರತೀಯರ ಮತದಾನದ ಹಕ್ಕನ್ನು ಕಸಿಯಲು ಹೊರಟಾಗ ಸೇಠರು ಅವರನ್ನು ಅಲ್ಲಿಯೇ ಉಳಿಸಿಕೊಂಡರು. ವಕೀಲರ ಸಂಘದ ವಿರೋಧದ ನಡುವೆಯೂ ಆ ಸೆಪ್ಟೆಂಬರ್‌ನಲ್ಲಿ ಅವರಿಗೆ ಸನ್ನದು ದೊರೆಯಿತು. ಮಾಲೀಕನ ಹೊಡೆತದಿಂದ ಹಲ್ಲು ಮುರಿದುಕೊಂಡು ಬಂದ ಬಾಲಸುಂದರಂ ಎಂಬ ತಮಿಳು ಕೂಲಿಯನ್ನು ಕಾನೂನಿನ ಮೂಲಕವೇ ಬೇರೊಬ್ಬ ಮಾಲೀಕರ ಬಳಿಗೆ ವರ್ಗಾಯಿಸಿಕೊಟ್ಟರು. ಅಂದಿನಿಂದ ವ್ಯಾಪಾರಿಗಳ ವಕೀಲರು ಕೂಲಿಕಾರರಿಗೂ ಆಪ್ತರಾದರು.

1903ರಲ್ಲಿ ಅವರು ಜೋಹಾನ್ಸ್‌ಬರ್ಗಿನಲ್ಲಿ ಕಚೇರಿ ತೆರೆದರು. ಬೋಯರ್ ಯುದ್ಧದ ಕಾಲದಲ್ಲಿ ಊರು ಬಿಟ್ಟಿದ್ದ ಭಾರತೀಯರು ಮರಳಿ ಬರಲು ಪರವಾನಗಿ ಬೇಕಿತ್ತು. ಏಷ್ಯಾದವರಿಗೆಂದೇ ಇದ್ದ ಇಲಾಖೆಯಲ್ಲಿ ಲಂಚವಿಲ್ಲದೆ ಕೆಲಸವಾಗುತ್ತಿರಲಿಲ್ಲ. ಗಾಂಧೀಜಿ ಸಾಕ್ಷ್ಯ ಕಲೆಹಾಕಿ ಇಬ್ಬರು ಅಧಿಕಾರಿಗಳ ಮೇಲೆ ಮೊಕದ್ದಮೆ ನಡೆಯುವಂತೆ ಮಾಡಿದರು. ಜ್ಯೂರಿ ಅವರನ್ನು ಬಿಡುಗಡೆ ಮಾಡಿತಾದರೂ ಸರ್ಕಾರ ಕೆಲಸದಿಂದ ತೆಗೆಯಿತು.

ಆದರೆ ಕಾನೂನೇ ಅನ್ಯಾಯವಾದರೆ ವಕೀಲನೇನು ಮಾಡಬೇಕು? 1906ರಲ್ಲಿ ಟ್ರಾನ್ಸ್‌ವಾಲ್ ಸರ್ಕಾರ ಏಷ್ಯಾದವರೆಲ್ಲ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದಿತು. ಸೆಪ್ಟೆಂಬರ್ 11ರ ಸಭೆಯಲ್ಲಿ ಸೇಠ್ ಹಾಜಿ ಹಬೀಬ್ ಅಲ್ಲಾಹನ ಹೆಸರಿನಲ್ಲಿ ಪ್ರತಿಜ್ಞೆ ಮಾಡಿ ಇದನ್ನು ತಿರಸ್ಕರಿಸಿದರು. 1908ರ ಆಗಸ್ಟ್ 16ರಂದು ಹಮೀದಿಯಾ ಮಸೀದಿಯ ಆವರಣದಲ್ಲಿ ನೋಂದಣಿ ಪತ್ರಗಳನ್ನು ಸುಡಲಾಯಿತು. ಆ ಮಸೀದಿಯ ಇಮಾಮ್ ಅಬ್ದುಲ್ ಕಾದಿರ್ ಬಾವಜೀರ್ ಅವರೂ ಸೆರೆಮನೆ ಕಂಡರು.

1913ರಲ್ಲಿ ಪೆಟ್ಟು ಮನೆಯೊಳಗೇ ಬಿತ್ತು. ಹಸನ್ ಈಸೂಪ್ ಎಂಬುವರ ಪತ್ನಿ ಬಾಯಿ ಮರಿಯಂ ಭಾರತದಿಂದ ಬಂದಾಗ ಅವರಿಗೆ ಪ್ರವೇಶ ಸಿಗಲಿಲ್ಲ. ಬಹುಪತ್ನಿತ್ವಕ್ಕೆ ಅವಕಾಶವಿರುವ ಧರ್ಮದಂತೆ ನಡೆದ ನಿಕಾಹ್ ಸಿಂಧುವಲ್ಲವೆಂದು ಮಾರ್ಚ್ 14ರಂದು ನ್ಯಾಯಮೂರ್ತಿ ಸರ್ಲ್ ತೀರ್ಪಿತ್ತರು. ಒಂದೇ ತೀರ್ಪಿನಿಂದ ಹಿಂದೂ, ಮುಸ್ಲಿಂ, ಪಾರ್ಸಿ ಹೆಣ್ಣುಮಕ್ಕಳೆಲ್ಲರ ಪತ್ನಿಯೆಂಬ ಸ್ಥಾನಕ್ಕೆ ಕುತ್ತು ಬಂತು. ಕಸ್ತೂರ್ಬಾ ಸೇರಿದಂತೆ ಅನೇಕ ಮಹಿಳೆಯರು ಸೆರೆಮನೆಗೆ ಹೋದರು. ಸಾವಿರಾರು ಕೂಲಿಗಳು ಮುಷ್ಕರ ಹೂಡಿದರು. 1914ರ ಕಾನೂನು ಏಕಪತ್ನೀ ವಿವಾಹಗಳನ್ನು ಮಾನ್ಯ ಮಾಡಿತು. ಕೂಲಿಗಳ ಮೇಲಿದ್ದ 3 ಪೌಂಡುಗಳ ತೆರಿಗೆಯನ್ನೂ ರದ್ದುಗೊಳಿಸಿತು. ಆ ಜುಲೈನಲ್ಲಿ ಗಾಂಧೀಜಿ ಆ ದೇಶ ಬಿಟ್ಟರು. 1915ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿಗೂ ಬಂದಿದ್ದರು. 1922ರಲ್ಲಿ ಲಂಡನ್ನಿನ ಇನ್ನರ್ ಟೆಂಪಲ್ ಅವರ ಹೆಸರನ್ನು ತೆಗೆದುಹಾಕಿತು; 1988ರಲ್ಲಿ ಮರಳಿ ಸೇರಿಸಿತು.

ವಿದ್ಯಾರ್ಥಿ ಮಿತ್ರರೇ, ಶಿವಾಜಿನಗರದಿಂದ ಕಲ್ಯಾಣ ನಗರದವರೆಗೆ ನಮ್ಮ ಎಷ್ಟೋ ಮನೆಗಳವರು ಗಲ್ಫ್ ಮುಂತಾದ ದೇಶಗಳಲ್ಲಿ ದುಡಿಯುತ್ತಾರೆ. ಕರಾರು ಓದಿ ಹೇಳುವವರಿಲ್ಲದೆ ಮೋಸ ಹೋಗುವವರೂ ಇದ್ದಾರೆ. ಅವರಿಗೆ ವಕೀಲರು ಬೇಕು. ಸಭೆಯಲ್ಲಿ ಮಾತು ಬಾರದೆಂದು ಯಾರೂ ಈ ವೃತ್ತಿಯಿಂದ ಹಿಂಜರಿಯಬೇಕಾಗಿಲ್ಲ. ಮೊದಲ ದಿನ ಬಾಯಿ ಬಿಡಲಾರದೆ ಕುಳಿತ ಯುವಕನನ್ನು ಎತ್ತಿ ನಿಲ್ಲಿಸಿದ್ದು ಕಾಗದಪತ್ರಗಳ ಶ್ರದ್ಧೆಯ ಓದು ಮತ್ತು ಕಷ್ಟದಲ್ಲಿದ್ದವರ ಮೇಲಿನ ಕಾಳಜಿ.